ಹರಿಯಮ್ಮನ ಮನೆಯ ಕಂಚಿನ ಪದಕ

ನಾನು ಹುಟ್ಟಿದ್ದು ಬೆಂಕಿಯಲ್ಲಿ. ಇಷ್ಟು ಕೇಳಿ ಯಾವುದೋ ವೀರಗಾಥೆ ಶುರುವಾಯಿತು ಅಂದುಕೊಳ್ಳಬೇಡಿ. ನಾನೊಂದು ಪದಕ, ಅಂಗೈ ಅಗಲದ ಕಂಚಿನ ಬಿಲ್ಲೆ. ಅಮೆರಿಕದ ಪೂರ್ವ ಕರಾವಳಿಯ ಒಂದು ಪುಟ್ಟ ಊರಿನ ಎರಕದ ಕಾರ್ಖಾನೆಯಲ್ಲಿ ಕಾದ ಕಂಚನ್ನು ಅಚ್ಚಿಗೆ ಸುರಿದು ನನ್ನನ್ನು ಮಾಡಿದರು. ನನ್ನ ಒಂದು ಬದಿಗೆ ಅತ್ತ ಮುಖ ತಿರುಗಿಸಿ ಕೂತ ಒಬ್ಬ ಹೆಂಗಸು. ಇನ್ನೊಂದು ಬದಿಗೆ ‘ಆಧುನಿಕ ಅಮೆರಿಕನ್ ಕಾವ್ಯಕ್ಕೆ ಸಲ್ಲಿಸಿದ ಜೀವಮಾನದ ಸೇವೆಗಾಗಿ’ ಎಂದು ಇಂಗ್ಲಿಷಿನಲ್ಲಿ ಕೊರೆದ ಅಕ್ಷರ.

ಎಲ್ಲ ಆದ ಮೇಲೆ ಒಬ್ಬ ಕುಶಲ ಮುದುಕ ನನ್ನನ್ನು ಬಿಸಿ ಮಾಡಿ, ಅದೇನೋ ದ್ರಾವಣ ಬಳಿದು, ಒರೆಸಿ, ಮತ್ತೆ ಬಳಿದು, ಕಾಫಿಪುಡಿಯ ಹಾಗೆ ಕಂದುಬಣ್ಣ ಬರಿಸಿದ. ಹೊಸದಾಗಿ ಹೊಳೆಯುವ ಕಂಚು ಅಂದರೆ ಆ ಕಡೆಯ ದೊಡ್ಡ ಮನೆಗಳಲ್ಲಿ ಮೂಗು ಮುರಿಯುತ್ತಾರಂತೆ. ಹುಟ್ಟುತ್ತಲೇ ನೂರು ವರ್ಷದ ಮುದುಕನಂತೆ ಕಾಣುವುದು ನಮ್ಮ ಜಾತಿಯಲ್ಲಿ ಅಂತಸ್ತು. ಆ ಬಣ್ಣದ ಬಗ್ಗೆ ನನಗೆ ಜಂಬವೋ ಜಂಬ.

ನನ್ನನ್ನು ಮಾಡಿಸಿದ್ದು ಒಂದು ಪ್ರತಿಷ್ಠಾನ. ವರ್ಷಕ್ಕೊಬ್ಬ ಕವಿಗೆ, ಅದೂ ಬರೆದು ಬರೆದು ತಲೆ ಬೆಳ್ಳಗಾದವರಿಗೆ, ನಮ್ಮಲ್ಲಿ ಒಬ್ಬರನ್ನು ಕೊಡುವುದು ಅವರ ರೂಢಿ. ನಾವು ನಾಲ್ಕಾರು ಅಣ್ಣತಮ್ಮಂದಿರು ಅವರ ಮೇಜಿನ ಖಾನೆಯಲ್ಲಿ ನಮ್ಮ ನಮ್ಮ ವರ್ಷಕ್ಕಾಗಿ ಕಾಯುತ್ತಿದ್ದೆವು. ಉದ್ದ ಗಡ್ಡದ ಒಬ್ಬ ಕವಿ, ಅವನ ಓದಿನ ಕೋಣೆ, ಒಂದು ಗಾಜಿನ ಬೀರು ನನ್ನ ಹಣೆಯಲ್ಲಿ ಬರೆದಿರಬೇಕು ಎಂದು ನಾನು ಕನಸು ಕಟ್ಟಿದ್ದೆ. ಬಂದವರು ಸೀರೆ ಉಟ್ಟ ಒಬ್ಬ ಬಿಳಿಯ ಅಜ್ಜಿ.

ಅವರ ಹೆಸರು ಹ್ಯಾರಿಯೆಟ್. ಹುಟ್ಟಿದ್ದು ಅಮೆರಿಕದಲ್ಲೇ, ಜೋಳದ ಹೊಲಗಳ ನಡುವಿನ ಒಂದು ಊರಿನಲ್ಲಿ. ಅಲ್ಲಿಗೆ ಭೂವಿಜ್ಞಾನ ಓದಲು ಬಂದಿದ್ದ ಮೈಸೂರಿನ ಶ್ರೀಕಂಠಯ್ಯ ಎಂಬುವರನ್ನು ಮದುವೆಯಾಗಿ, ಅವರ ಹಿಂದೆಯೇ ಮೈಸೂರಿಗೆ ಬಂದು, ಐವತ್ತು ವರ್ಷ ಅಲ್ಲೇ ಕೂತು ಇಂಗ್ಲಿಷಿನಲ್ಲಿ ಕವಿತೆ ಬರೆದರು. ಪುಸ್ತಕಗಳು ಅಮೆರಿಕದಲ್ಲಿ ಅಚ್ಚಾದವು. ದೇಶ ಬಿಟ್ಟರೂ ಅವರ ಪದ್ಯ ಮಾತ್ರ ಅಮೆರಿಕದ್ದೇ ಎಂದು ಅಲ್ಲಿಯ ಪಂಡಿತರು ಒಪ್ಪಿಕೊಂಡಿದ್ದರು.

ಪ್ರದಾನದ ದಿನ ಪ್ರತಿಷ್ಠಾನದ ಅಧ್ಯಕ್ಷರು ಭಾಷಣ ಮಾಡಿದರು. ಹ್ಯಾರಿಯೆಟ್ ಎಂಥ ಕವಿಯಾಗಿದ್ದರು, ಎಷ್ಟು ಬರೆದರು, ಲೋಕಕ್ಕೆ ಏನು ಬಿಟ್ಟುಕೊಟ್ಟರು! ನಾನೇ ಅತ್ತ ಇತ್ತ ನೋಡಿದೆ. ತಿಥಿಯ ಮನೆಯಲ್ಲಿ ಕೂತ ಹಾಗಾಯಿತು. ಹ್ಯಾರಿಯೆಟ್ ನಗುತ್ತಲೇ ನನ್ನನ್ನು ಇಸಿದುಕೊಂಡರು, ಆದರೆ ಆ ಬೆರಳುಗಳು ತಣ್ಣಗಿದ್ದವು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನನ್ನನ್ನು ಪೆಟ್ಟಿಗೆಯಿಂದ ತೆಗೆದು, ತಿರುಗಿಸಿ ಮುರುಗಿಸಿ ನೋಡಿದರು.

“ಚಿನ್ನಾನಾ ಮೇಡಂ?”

“ಅಲ್ಲ ಸ್ವಾಮಿ. ಕಂಚು,” ಅಂದರು ಹ್ಯಾರಿಯೆಟ್.

ಬಿಳಿ ಅಜ್ಜಿಯ ಬಾಯಲ್ಲಿ ಅಪ್ಪಟ ಮೈಸೂರು ಕನ್ನಡ ಕೇಳಿ ಅವರು ತಬ್ಬಿಬ್ಬಾದರು. “ಇಷ್ಟಕ್ಕೋಸ್ಕರ ಅಲ್ಲಿತನಕ ಹೋಗಿಬಂದ್ರಾ ತಾಯಿ?” ಎಂದು ಪಾಪ, ಕನಿಕರದಿಂದಲೇ ಕೇಳಿದರು. ನನ್ನ ಜಂಬಕ್ಕೆ ಬಿದ್ದ ಮೊದಲ ಪೆಟ್ಟು ಅದು.

ಎರಡನೆಯದು ಮೈಸೂರಿನ ಮನೆಯಲ್ಲಿ ಕಾದಿತ್ತು. ಅದರ ಹೆಸರು ಭ್ರಮರಾಂಬ.

ಭ್ರಮರಾಂಬ ಶ್ರೀಕಂಠಯ್ಯನವರ ತಂಗಿ, ಅಂದರೆ ಹ್ಯಾರಿಯೆಟ್ ಅವರ ನಾದಿನಿ. ಮದುವೆಯಾದ ವರ್ಷದೊಳಗೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದವರು, ಬೀದಿಯ ಹೆಣ್ಣುಮಕ್ಕಳಿಗೆ ಹಾಡು ಹೇಳಿಕೊಟ್ಟುಕೊಂಡು ಅಲ್ಲೇ ಉಳಿದುಬಿಟ್ಟಿದ್ದರು. ಅಣ್ಣ ತೀರಿಕೊಂಡ ಮೇಲೆ ಮನೆಯಲ್ಲಿ ಅತ್ತಿಗೆ ನಾದಿನಿ ಇಬ್ಬರೇ. ಒಬ್ಬರಿಗೆ ಇನ್ನೊಬ್ಬರಿಲ್ಲದೆ ಆಗುತ್ತಿರಲಿಲ್ಲ, ಜಗಳವಿಲ್ಲದೆ ದಿನವೂ ಹೋಗುತ್ತಿರಲಿಲ್ಲ. ಹ್ಯಾರಿಯೆಟ್ ಎಂಬ ಹೆಸರನ್ನು ನಾಲಗೆಗೆ ಒಗ್ಗಿಸಿಕೊಳ್ಳಲಾರದೆ ‘ಹರಿಯಮ್ಮ’ ಎಂದು ಬೀದಿಗೆಲ್ಲ ಹಬ್ಬಿಸಿದವರೂ ಭ್ರಮರಾಂಬನವರೇ. ಇನ್ನು ಮುಂದೆ ನಾನೂ ಹಾಗೇ ಕರೆಯುತ್ತೇನೆ.

ಹರಿಯಮ್ಮನ ಕನ್ನಡದಲ್ಲಿ ಒಂದೇ ಒಂದು ವಿಚಿತ್ರವಿತ್ತು. ಹೊಸತರಲ್ಲಿ ಸೊಸೆ ದೊಡ್ಡವರ ಮುಂದೆ ತಪ್ಪಿ ಏಕವಚನ ಆಡಿಯಾಳು ಎಂದು ಅತ್ತೆಯವರು ಬರೀ ಬಹುವಚನವನ್ನೇ ಕಲಿಸಿದ್ದರು. ಹಾಗಾಗಿ ಅವರ ಪಾಲಿಗೆ ಜಗತ್ತಿನಲ್ಲಿ ಎಲ್ಲರೂ ‘ನೀವು’. ನಾದಿನಿ ನೀವು, ತರಕಾರಿಯವನು ನೀವು, ಕಾಂಪೌಂಡಿನ ಮೇಲೆ ಕೂತ ಕಾಗೆಗೂ “ಬನ್ನಿ, ಅನ್ನ ತಿನ್ನಿ.”

ಹರಿಯಮ್ಮ ಪ್ರಯಾಣದ ಆಯಾಸಕ್ಕೆ ಮಲಗಿದ್ದಾಗ ಭ್ರಮರಾಂಬ ನನ್ನನ್ನು ನೋಡಿದರು. ಮೂಗಿನ ಹತ್ತಿರ ಹಿಡಿದರು. ಉಗುರಿನಿಂದ ಕೆರೆದರು.

“ಅಯ್ಯೋ ರಾಮ! ಅಷ್ಟು ದೊಡ್ಡ ದೇಶದೋರು ಕಿಲುಬು ಹಿಡಿದಿರೋದನ್ನ ಕೊಟ್ಟು ಕಳಿಸಿದಾರಲ್ಲ!”

ಮುಂದಿನದನ್ನು ಹೇಳಲು ನನಗೆ ಈಗಲೂ ಮೈ ಉರಿಯುತ್ತದೆ. ಹುಣಸೆಹಣ್ಣು, ಒಂದು ಚಿಟಿಕೆ ಉಪ್ಪು, ತೆಂಗಿನ ನಾರು. ಬಚ್ಚಲ ಕಲ್ಲಿನ ಮೇಲೆ ನನ್ನನ್ನು ಒತ್ತಿ ಹಿಡಿದು ತಿಕ್ಕಿದರು ನೋಡಿ, ಆ ಮುದುಕ ಅಷ್ಟು ನಾಜೂಕಾಗಿ ಬರಿಸಿದ ಬಣ್ಣವೆಲ್ಲ ಮೋರಿಯಲ್ಲಿ ಹರಿದು ಹೋಯಿತು. ಹರಿಯಮ್ಮ ಎದ್ದು ಬರುವಷ್ಟರಲ್ಲಿ ನಾನು ಪಂಚಪಾತ್ರೆಯ ಹಾಗೆ ಫಳಫಳ ಹೊಳೆಯುತ್ತ ದೇವರ ಮುಂದೆ ಕೂತಿದ್ದೆ, ನನ್ನ ಮೇಲಿನ ಹೆಂಗಸಿನ ಹಣೆಗೆ ಕುಂಕುಮ ಬೇರೆ.

ಹರಿಯಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಅಂಬಾ, ಅದು ಕಿಲುಬಲ್ಲ. ಬೇಕೂಂತಲೇ ಹಾಗೆ ಮಾಡಿರ್ತಾರೆ.”

“ಹೊಸಾ ಸಾಮಾನಿಗೆ ಬೇಕೂಂತ ಕಿಲುಬು ಹಿಡಿಸ್ತಾರಾ? ಎಂಥಾ ಜನವೋ ನಿಮ್ಮೋರು!”

ಬಡಾವಣೆಯವರೆಲ್ಲ ಸೇರಿ ಹರಿಯಮ್ಮನಿಗೆ ಸನ್ಮಾನ ಮಾಡಿದರು. ಶಾಲು, ಹಣ್ಣಿನ ಬುಟ್ಟಿ, ತಲೆಗೆ ಮೈಸೂರು ಪೇಟ. ಪೇಟ ಕಣ್ಣಿನ ಮೇಲೆ ಜಾರಿ ಕೂತ ಫೋಟೋ ಒಂದು ಸ್ಥಳೀಯ ಪತ್ರಿಕೆಯಲ್ಲಿ ಬಂತು. ಆಮೇಲೆ ಗದ್ದಲ ಅಡಗಿ, ನನ್ನನ್ನು ಬರೆಯುವ ಮೇಜಿನ ಮೇಲೆ ಇಟ್ಟರು.

ಮೇಜಿನ ಮೇಲೆ ಕೂತ ಮೇಲೆಯೇ ನನಗೆ ವಿಷಯ ಗೊತ್ತಾದದ್ದು. ಹರಿಯಮ್ಮ ದಿನಾ ಬೆಳಿಗ್ಗೆ ಬಂದು ಕೂರುತ್ತಿದ್ದರು. ಪುಸ್ತಕ ತೆರೆಯುತ್ತಿದ್ದರು, ಪೆನ್ನಿನ ಟೋಪಿ ತೆಗೆಯುತ್ತಿದ್ದರು. ನನ್ನನ್ನು ಒಮ್ಮೆ ನೋಡುತ್ತಿದ್ದರು. ಆಮೇಲೆ ಟೋಪಿ ಹಾಕಿ ಎದ್ದು ಹೋಗುತ್ತಿದ್ದರು. ಬೇಸಿಗೆ ಹೋಗಿ ಮಳೆ ಬಂತು, ಗೌರಿ ಬಂದು ಹೋದಳು, ಹಾಳೆ ಮಾತ್ರ ಹಾಗೇ ಖಾಲಿ. ಮದುವೆಯಾದ ವಾರದಲ್ಲೂ ಬರೆದವರು, ಗಂಡನ ಆಸ್ಪತ್ರೆಯ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತೂ ಬರೆದವರು, ಈಗ ಒಂದು ಸಾಲಿಗೂ ಗತಿಯಿಲ್ಲದೆ ಕೂತರು. ಬಹುಮಾನವಾಗಿ ಬಂದು ಬೀಗಮುದ್ರೆಯಾದೆನಲ್ಲ!

ಒಂದು ದಿನ ಭ್ರಮರಾಂಬ ಕೇಳಿಯೇಬಿಟ್ಟರು. “ಯಾಕತ್ತಿಗೆ, ಬರೆಯೋದು ಬಿಟ್ಟುಬಿಟ್ರಾ?”

ಹರಿಯಮ್ಮ ನನ್ನ ಕಡೆ ಬೆರಳು ತೋರಿಸಿದರು. “ಇದು ಮುಗಿದೋರಿಗೆ ಕೊಡೋದು ಅಂಬಾ. ನನ್ನದೂ ಮುಗೀತು.”

“ಬಿಡ್ತು ಅನ್ನಿ! ಏನು ಮಾತು ಅಂತ ಆಡ್ತೀರಿ!”

ಅವತ್ತು ಸಂಜೆಯೇ ಭ್ರಮರಾಂಬ ಉಪ್ಪು ಮೆಣಸಿನಕಾಯಿ ತಂದು ಅತ್ತಿಗೆಗೆ ದೃಷ್ಟಿ ತೆಗೆದರು. ಫೋಟೋ ಪೇಪರಿನಲ್ಲಿ ಬಂದದ್ದೇ ಕಾರಣವಂತೆ. ಮೆಣಸಿನಕಾಯಿ ಚಟಪಟ ಸಿಡಿಯಿತು, ಮನೆಯೆಲ್ಲ ಕೆಮ್ಮಿತು, ಕವಿತೆ ಬರಲಿಲ್ಲ. ಹಾಗಿದ್ದರೆ ತಪ್ಪು ಈ ಬಿಲ್ಲೆಯದೇ ಎಂದು ನನ್ನನ್ನು ಮೇಜಿನಿಂದ ಎತ್ತಿ ಅಡುಗೆಮನೆಯ ಗೂಡಿನಲ್ಲಿ ಸಾಸಿವೆ ಡಬ್ಬಿಯ ಪಕ್ಕ ಇಟ್ಟರು. ಆಧುನಿಕ ಅಮೆರಿಕನ್ ಕಾವ್ಯದ ಜೀವಮಾನ ಪದಕಕ್ಕೆ ಅಲ್ಲಿ ಒಗ್ಗರಣೆಯ ವಾಸನೆ ಅಭ್ಯಾಸವಾಯಿತು.

ಅಲ್ಲಿದ್ದಾಗ ಇನ್ನೊಂದು ಸಂಗತಿಯೂ ತಿಳಿಯಿತು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಭ್ರಮರಾಂಬ ಅತ್ತಿಗೆಯ ಒಂದು ಪದ್ಯವನ್ನೂ ಕೇಳಿದವರಲ್ಲ. ಅವರಿಗೆ ಇಂಗ್ಲಿಷ್ ಬರದು. ವಯಸ್ಸಿನಲ್ಲಿದ್ದಾಗ ಒಮ್ಮೆ ಕೇಳಿದ್ದರಂತೆ, ಕನ್ನಡದಲ್ಲಿ ಹೇಳಿ ಅತ್ತಿಗೆ, ಏನು ಬರೀತೀರಿ ಎಂದು. “ಕನ್ನಡದಲ್ಲಿ ಹೇಳಿದ್ರೆ ಅದು ಸತ್ತುಹೋಗತ್ತೆ ಅಂಬಾ,” ಅಂದಿದ್ದರು ಹರಿಯಮ್ಮ. ಆಮೇಲೆ ಕೇಳಿರಲಿಲ್ಲ. ಇದನ್ನು ಭ್ರಮರಾಂಬ ಹಾಡು ಕಲಿಯಲು ಬರುವ ಒಬ್ಬಳ ಹತ್ತಿರ ಬೀನ್ಸ್ ಬಿಡಿಸುತ್ತ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಹೇಳುವಾಗ ನಗುತ್ತಿದ್ದರು, ಆದರೆ ಒಂದೇ ಕಾಯಿಯನ್ನು ಬಹಳ ಹೊತ್ತು ಮುರಿದರು.

ನವರಾತ್ರಿ ಬಂತು. ಮೈಸೂರಿನಲ್ಲಿ ನವರಾತ್ರಿ ಎಂದರೆ ಮನೆಯೊಳಗೆ ಗೊಂಬೆ ಕೂರಿಸುವುದು. ಮೆಟ್ಟಿಲು ಜೋಡಿಸಿ, ಬಿಳಿ ಪಂಚೆ ಹಾಸಿ, ಮೇಲುಗಡೆ ಪಟ್ಟದ ರಾಜ ರಾಣಿ, ಕೆಳಗೆ ಸೆಟ್ಟಿ ಸೆಟ್ಟಮ್ಮ, ಆನೆ, ಬ್ಯಾಂಡ್ ಸೆಟ್ಟು. ಏಳನೆಯ ದಿನ ಸರಸ್ವತಿ ಪೂಜೆ. ಅವತ್ತು ಮನೆಯ ಪುಸ್ತಕ, ಪೆನ್ನು ಎಲ್ಲ ಮಣೆಯ ಮೇಲಿಟ್ಟು ಅರಿಶಿನ ಕುಂಕುಮ ಏರಿಸುತ್ತಾರೆ. ಆಮೇಲೆ ವಿಜಯದಶಮಿಯ ತನಕ ಓದುವ ಹಾಗಿಲ್ಲ, ಬರೆಯುವ ಹಾಗಿಲ್ಲ. ವಿದ್ಯೆಗೂ ವಿಶ್ರಾಂತಿ ಬೇಕಲ್ಲ.

ಈ ವಿಷಯದಲ್ಲಿ ಅತ್ತಿಗೆ ನಾದಿನಿಗೆ ಪ್ರತಿ ವರ್ಷವೂ ಜಟಾಪಟಿಯಂತೆ. ಒಂದೇ ಒಂದು ಪೆನ್ಸಿಲ್ ಬಿಡಿ ಎಂದು ಹರಿಯಮ್ಮ, ಆಗೋದೇ ಇಲ್ಲ ಎಂದು ಭ್ರಮರಾಂಬ. ಈ ವರ್ಷ ಭ್ರಮರಾಂಬ ಸೆರಗು ಸಿಕ್ಕಿಸಿ ಜಗಳಕ್ಕೆ ತಯಾರಾಗಿಯೇ ಹೋದರು. ಹರಿಯಮ್ಮ ಪುಸ್ತಕ ಪೆನ್ನು ತಾವೇ ಎತ್ತಿಕೊಟ್ಟು, “ತೊಗೊಂಡ್ಹೋಗಿ ಅಂಬಾ. ಹೇಗೂ ಬರೀತಿಲ್ಲ,” ಅಂದರು.

ಭ್ರಮರಾಂಬ ಅದನ್ನು ತಂದು ಮಣೆಯ ಮೇಲಿಟ್ಟರು. ಗೂಡಿನಿಂದ ನನ್ನನ್ನೂ ತೆಗೆದು, ಮತ್ತೊಮ್ಮೆ ಹುಣಸೆಹಣ್ಣಿನ ಶಿಕ್ಷೆ ಕೊಟ್ಟು, ಆ ಪುಸ್ತಕದ ಮೇಲೆ ಕೂರಿಸಿದರು. “ತಾಯಿ, ಏನಾದ್ರೂ ಆಗ್ಲಿ, ನಮ್ಮತ್ತಿಗೆ ಕೈ ಮತ್ತೆ ಆಡೋ ಹಾಗೆ ಮಾಡು,” ಎಂದು ಬಗ್ಗಿ ನಮಸ್ಕಾರ ಮಾಡಿದರು.

ಮಾರನೆಯ ಬೆಳಿಗ್ಗೆ. ಅಡುಗೆಮನೆಯಲ್ಲಿ ಕಾಫಿ ಮಾಡಲು ಹೋದ ಹರಿಯಮ್ಮ ಇದ್ದಕ್ಕಿದ್ದ ಹಾಗೆ ನಡುಮನೆಗೆ ಓಡಿಬಂದರು. ಆ ವಯಸ್ಸಿನಲ್ಲಿ ಅದನ್ನು ಓಟ ಅನ್ನಬಹುದಾದರೆ. ಮಣೆಯ ಮುಂದೆ ಕುಸಿದು ಕೂತು ನನ್ನ ಕೆಳಗಿನ ಪುಸ್ತಕಕ್ಕೆ ಕೈ ಹಾಕಿದರು.

“ಅತ್ತಿಗೆ! ಮುಟ್ಟಬೇಡಿ!” ಹೂ ಕಟ್ಟುತ್ತಿದ್ದ ಭ್ರಮರಾಂಬ ಕೈ ಹಿಡಿದುಕೊಂಡರು.

“ಬಂದಿದೆ ಅಂಬಾ. ಬಿಡಿ. ಬಂದಿದೆ.”

“ಏನು ಬಂದಿದೆ?”

“ಪದ್ಯ! ಈಗ ಬರೀದೆ ಇದ್ರೆ ಹೋಗ್ಬಿಡತ್ತೆ. ಒಲೆ ಮೇಲೆ ಹಾಲಿಟ್ಟಿದ್ದೇ ನನ್ನ ತಲೇಲಿ ನಿಲ್ಲಲ್ಲ, ದಶಮಿ ತನಕ ಇದು ನಿಲ್ಲತ್ತಾ?”

ಭ್ರಮರಾಂಬ ಒಮ್ಮೆ ದೇವಿಯ ಪಟ ನೋಡಿದರು, ಒಮ್ಮೆ ಅತ್ತಿಗೆಯ ಮುಖ ನೋಡಿದರು. ಹುಟ್ಟಿದಾಗಿನಿಂದ ಅವರು ಪೂಜೆಗಿಟ್ಟದ್ದನ್ನು ನಡುವೆ ಎತ್ತಿದವರಲ್ಲ. ಆದರೆ ಎಷ್ಟು ತಿಂಗಳಿಂದ ಬೇಡಿಕೊಂಡದ್ದು ಈಗ ಬಾಗಿಲಿಗೆ ಬಂದು ನಿಂತಿದೆ. ಅವರ ಸಂಕಟ ನೋಡಲಾರದೆ ನಾನೇ ಉರುಳಿ ಪಕ್ಕಕ್ಕೆ ಸರಿದುಬಿಡಲೇ ಅನ್ನಿಸಿತು. ಕೊನೆಗೆ ಅವರು ಹಿಡಿದ ಕೈ ಬಿಡದೆಯೇ ಅತ್ತಿಗೆಯ ಎದುರು ಚಕ್ಕಳಮಕ್ಕಳ ಹಾಕಿ ಕೂತರು.

“ನನಗೆ ಹೇಳಿ. ನಾನು ಇಟ್ಕೊಂಡಿರ್ತೀನಿ. ಎಷ್ಟು ಹಾಡು ಇಟ್ಕೊಂಡಿಲ್ಲ ಈ ತಲೇಲಿ!”

“ನಿಮಗೆ ಇಂಗ್ಲಿಷ್ ಬರಲ್ಲವಲ್ಲ.”

“ಕನ್ನಡದಲ್ಲಿ ಹೇಳಿ. ಸತ್ತರೆ ಸಾಯ್ಲಿ, ನೋಡೋಣ.”

ಹರಿಯಮ್ಮ ಹೇಳಲು ಬಾಯಿ ತೆರೆದರು. ಆಮೇಲೆ ಅವರ ಮುಖದಲ್ಲಿ ಒಂದು ಆಶ್ಚರ್ಯ ಮೂಡಿತು. “ಇದು ಕನ್ನಡದಲ್ಲೇ ಬಂದಿದೆ,” ಅಂದರು. ಮತ್ತೆ ನಿಧಾನವಾಗಿ ಹೇಳಿದರು.

ಬೆಳಗಾಯಿತು. ಕೈ ಮೂರು ಲೋಟ ತೆಗೆಯಿತು.
ಮನೆಯಲ್ಲಿ ನಾವು ಇಬ್ಬರು.
ಕೈಗೆ ಯಾರೂ ಹೇಳಿಲ್ಲ.
ಕೈಯೇ, ನೀವು ಹೀಗೇ ಇರಿ.
ನಿಮಗೆ ಹೇಳುವವರು ನಾವಲ್ಲ.

ಕಟ್ಟುತ್ತಿದ್ದ ಮಲ್ಲಿಗೆ ತೊಡೆಯ ಮೇಲಿಂದ ಜಾರಿತು.

“ಅಣ್ಣನ ಲೋಟ,” ಅಂದರು ಭ್ರಮರಾಂಬ.

“ಹೂಂ.”

“ನಾನೂ ತೆಗೀತೀನಿ ಅತ್ತಿಗೆ. ದಿನಾ. ನಿಮ್ಮ ಕಣ್ಣಿಗೆ ಬಿದ್ರೆ ನೊಂದ್ಕೋತೀರಿ ಅಂತ ಬೇಗ ಒಳಗಿಟ್ಟುಬಿಡ್ತೀನಿ.”

“ನಾನೂ ನಿಮಗೆ ಕಾಣದ ಹಾಗೆ ಇಡ್ತಿದ್ದೆ.”

ಇಬ್ಬರೂ ಅತ್ತರು. ಶ್ರೀಕಂಠಯ್ಯನವರು ಹೋದಾಗ ಒಬ್ಬರು ಗಂಡನಿಗಾಗಿ, ಒಬ್ಬರು ಅಣ್ಣನಿಗಾಗಿ ಬೇರೆ ಬೇರೆಯಾಗಿ ಅತ್ತಿದ್ದಿರಬೇಕು. ಅವತ್ತು ಒಟ್ಟಿಗೆ ಅತ್ತರು. ಒಳಗೆ ಹಾಲು ಉಕ್ಕಿ ಒಲೆ ಆರಿದ್ದು ಇಬ್ಬರಿಗೂ ತಿಳಿಯಲಿಲ್ಲ.

ಭ್ರಮರಾಂಬನ ತಲೆಯಲ್ಲಿ ಯಾವುದೇ ಮಾತು ನಿಲ್ಲಬೇಕಾದರೆ ಅದಕ್ಕೊಂದು ರಾಗ ಬೇಕು. ಮಧ್ಯಾಹ್ನದ ಹೊತ್ತಿಗೆ ಆ ಸಾಲುಗಳು ಆನಂದಭೈರವಿಯಲ್ಲಿ ಕೂತಿದ್ದವು. ಸಂಜೆ ಗೊಂಬೆ ನೋಡಲು ಹೆಂಗಸರು ಬಂದರು. ಬಂದವರು ಒಂದು ಹಾಡು ಹೇಳುವುದು, ಮನೆಯವರು ಚರುಪು ಅಂತ ಕೋಡುಬಳೆಯೋ ರವೆ ಉಂಡೆಯೋ ಕೈಗಿಡುವುದು ಪದ್ಧತಿ. ಅವರದೆಲ್ಲ ಆದ ಮೇಲೆ, “ಇನ್ನು ನಿಮ್ಮದೊಂದು ಆಗ್ಲಿ ಅಂಬಕ್ಕ,” ಅಂದರು. ಮರೆಯದಿರಲು ಭ್ರಮರಾಂಬನವರಿಗೂ ಆ ಸಾಲುಗಳನ್ನು ಇನ್ನೊಂದು ಸಲ ಹೇಳಿಕೊಳ್ಳಬೇಕಿತ್ತು. ಹಾಡಿಯೇಬಿಟ್ಟರು.

ಹಾಡು ಮುಗಿಯಿತು. ಹಿಂದಿನ ಬೀದಿಯ ರಾಜಮ್ಮಣ್ಣಿ, ಪ್ರವಚನ ಕೇಳಿ ಕೇಳಿ ತಾವೇ ಪ್ರವಚನ ಹೇಳುವಷ್ಟಾದವರು, ಕಣ್ಣೊರೆಸಿಕೊಂಡರು.

“ಎಂಥಾ ತತ್ವಪದ ರೀ! ಮೂರು ಲೋಟ ಅಂದ್ರೆ ಮೂರು ಗುಣ. ಇಬ್ಬರು ಅಂದ್ರೆ ಜೀವಾತ್ಮ, ಪರಮಾತ್ಮ. ಬೆಳಗಾಯಿತು ಅಂದ್ರೆ ಜ್ಞಾನೋದಯ! ಅದರಲ್ಲೂ ಕೈಗೆ ಬಹುವಚನ ಹಾಕಿದಾರಲ್ಲ, ಅನುಭಾವಿಗಳಿಗೇ ಬರೋ ಮಾತು ಅದು. ಯಾರದ್ದು?”

ಮೂಲೆಯ ಕುರ್ಚಿಯಲ್ಲಿದ್ದ ಹರಿಯಮ್ಮನ ಗಂಟಲಿಗೆ ಕೋಡುಬಳೆ ಸಿಕ್ಕಿಕೊಂಡಿತು. ಬೇಡ ಬೇಡ ಎಂದು ಕೈ ಆಡಿಸಿದರು.

“ನಮ್ಮನೇಲಿ ಹೇಳ್ಕೊಂಡು ಬಂದಿರೋದು,” ಅಂದರು ಭ್ರಮರಾಂಬ, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

ವಿಜಯದಶಮಿಯ ದಿನ ಮಂಗಳಾರತಿ ಆದದ್ದೇ ನನ್ನನ್ನು ಪಕ್ಕಕ್ಕಿಟ್ಟು ಪುಸ್ತಕ ಬಿಚ್ಚಿದರು. ಭ್ರಮರಾಂಬ ಹೇಳಿದರು, ಹರಿಯಮ್ಮ ಬರೆದುಕೊಂಡರು. ಕನ್ನಡ ಅಕ್ಷರ, ಹಾಲಿನ ಲೆಕ್ಕ ಬರೆಯಲು ಕಲಿತದ್ದು, ಸಾಲು ಮೇಲೆ ಕೆಳಗೆ ಹೋಯಿತು. ಕೊನೆಗೆ ಭ್ರಮರಾಂಬ ಇನ್ನೊಂದು ಸಾಲು ಹೇಳಿದರು.

“ಮೂರನೆಯದನ್ನೂ ತೊಳೆದಿಡಿ. ನಾಳೆಗೆ ಬೇಕು.”

ಹರಿಯಮ್ಮ ತಲೆಯೆತ್ತಿದರು. “ಇದು ನಾನು ಹೇಳಿದ್ದಲ್ಲ.”

“ಅಲ್ಲಿ ಒಂದು ಸಾಲು ಕಮ್ಮಿ ಇತ್ತು ಅತ್ತಿಗೆ. ರಾಗ ನಿಲ್ಲಕ್ಕೆ ಜಾಗ ಸಿಕ್ತಿರಲಿಲ್ಲ. ಬೇಡದಿದ್ರೆ ಹೊಡೆದುಹಾಕಿ.”

ಹರಿಯಮ್ಮ ಅದನ್ನು ಓದಿದರು. ಮತ್ತೆ ಓದಿದರು. ಹೊಡೆದುಹಾಕಲಿಲ್ಲ.

ಆಮೇಲೆ ಹರಿಯಮ್ಮ ಇದ್ದಷ್ಟು ದಿನವೂ ಬರೆದರು. ಬೆಳಿಗ್ಗೆ ಬರೆಯುವುದು, ಮಧ್ಯಾಹ್ನ ನಾದಿನಿಗೆ ಓದಿ ಹೇಳುವುದು, ಸಂಜೆ ಆ ಬಗ್ಗೆ ಇಬ್ಬರೂ ಜಗಳ ಆಡುವುದು. ಎಲ್ಲ ಕನ್ನಡದಲ್ಲಿ. ಒಂದನ್ನೂ ಅಚ್ಚಿಗೆ ಕೊಡಲಿಲ್ಲ, ಯಾವ ಪಂಡಿತರಿಗೂ ತೋರಿಸಲಿಲ್ಲ. ನನ್ನ ಬೆನ್ನ ಮೇಲಿನ ಅಕ್ಷರಗಳ ಪ್ರಕಾರ ನೋಡಿದರೆ ಅವು ನನ್ನ ಲೆಕ್ಕಕ್ಕೇ ಬರುವುದಿಲ್ಲ. ಒಂದು ಚಳಿಗಾಲ ಅವರು ಮಲಗಿದವರು ಏಳಲಿಲ್ಲ. ಅವತ್ತು ಬೆಳಿಗ್ಗೆ ಕಾಂಪೌಂಡಿನ ಮೇಲೆ ಬಂದು ಕೂತ ಕಾಗೆಗೆ ಭ್ರಮರಾಂಬ ಅನ್ನ ಹಾಕಿ, “ಬನ್ನಿ, ತಿನ್ನಿ,” ಅಂದರು.

ನನಗೀಗ ವಯಸ್ಸಾಯಿತು. ಹುಣಸೆಹಣ್ಣಿಗೆ ನನ್ನ ಹೆಂಗಸಿನ ಮೂಗು ಸವೆದಿದೆ, ಅಕ್ಷರಗಳನ್ನು ಬೆರಳಿನಿಂದ ತಡವಿದರೂ ತಿಳಿಯುವುದು ಕಷ್ಟ. ಹಾಡಿನ ಪಾಠ ನಡೆಯುವ ನಡುಮನೆಯ ಒಂದು ಗೂಡಿನಲ್ಲಿ, ತಂಬೂರಿಯ ಪಕ್ಕ ನನ್ನ ಜಾಗ. ಗಾಜಿನ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತ ನನ್ನ ಅಣ್ಣತಮ್ಮಂದಿರನ್ನು ನೆನೆದರೆ ಈಗ ಅಯ್ಯೋ ಅನ್ನಿಸುತ್ತದೆ. ಬಣ್ಣ ಉಳಿದಿದ್ದೀತು ಅವರಿಗೆ. ಇಷ್ಟು ಪ್ರೀತಿಯಿಂದ ಬೈಸಿಕೊಂಡಿರಲಾರರು.

ಮೂರು ಲೋಟದ ಹಾಡು ಈಗ ನಮ್ಮ ಬೀದಿಯನ್ನೂ ದಾಟಿದೆ. ಭ್ರಮರಾಂಬನಲ್ಲಿ ಕಲಿತವರು ತಮ್ಮ ತಮ್ಮ ಗೊಂಬೆಗಳ ಮುಂದೆ ಹಾಡುತ್ತಾರೆ, ಗಂಡನನ್ನು ಕಳೆದುಕೊಂಡ ಗೆಳತಿಯ ಮನೆಗೆ ಹೋದಾಗ ಮೆಲ್ಲಗೆ ಗುನುಗುತ್ತಾರೆ. ಮೊನ್ನೆ ಪಾಠಕ್ಕೆ ಹೊಸದಾಗಿ ಸೇರಿದ, ಬ್ಯಾಂಕಿನಲ್ಲಿ ಕೆಲಸ ಮಾಡುವ ಶರ್ವಾಣಿ ಎಂಬಾಕೆ ಹಾಡು ಕಲಿತು ಮುಗಿಸಿದವಳೇ ಕೇಳಿದಳು.

“ಇದನ್ನ ಬರೆದೋರು ಯಾರು ಅಂಬಜ್ಜಿ?”

“ನಮ್ಮತ್ತಿಗೆ. ಕೊನೇ ಸಾಲು ನನ್ನದು.”

“ಇಂಥಾದ್ದು ಬರೆದೋರಿಗೆ ಏನೂ ಪ್ರಶಸ್ತಿ ಬರಲಿಲ್ವಾ?”

ಭ್ರಮರಾಂಬ ಗೂಡಿನ ಕಡೆ ತಿರುಗಿ ನನ್ನನ್ನು ನೋಡಿದರು.

“ಬಂತಮ್ಮ, ದೊಡ್ಡದೇ ಬಂತು. ಬಂದಾಗ ಇನ್ನೂ ಇದನ್ನ ಬರೆದಿರಲಿಲ್ಲ.”